ಟರ್ಕಿ ಕೋಳಿಯ ಕಾಡಿನಲ್ಲಿ ಒಂದು ಬೆಳಗು

ಬೆಳಗಿನ ಜಾವ ಮೂರೂವರೆಗೇ ಎದ್ದು, ಸ್ವೆಟರಿನ ಮೇಲೆ ಜಾಕೆಟ್ ತೊಟ್ಟು, ಕುತ್ತಿಗೆಗೆ ಕೆಂಪು ಮಫ್ಲರ್ ಸುತ್ತಿಕೊಂಡು ಹೊರಗೆ ಬಂದೆ. ನೆರೆಮನೆಯ ಅಜ್ಜ ಟಾರ್ಚ್ ಬೆಳಕಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ತಲೆಯಾಡಿಸಿದರು.

"ಕೆಂಪು ಬೇಡ. ಬಿಳಿ ಬೇಡ. ನೀಲಿಯೂ ಬೇಡ. ಇವತ್ತು ಕಾಡಿನಲ್ಲಿ ಈ ಮೂರು ಬಣ್ಣ ಹಾಕಿಕೊಳ್ಳುವವನು ಟರ್ಕಿ ಕೋಳಿ ಮಾತ್ರ" ಅಂದರು.

ನಾನು ನಕ್ಕು ಮಫ್ಲರನ್ನು ಬಿಚ್ಚಿ ಕೈಚೀಲಕ್ಕೆ ತುರುಕಿದೆ. ಅಲ್ಲಿಗೆ ಆ ವಿಷಯ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ.

ನಾವು ಗಂಡಹೆಂಡಿರು ಮಗಳ ಮನೆಗೆಂದು ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿಗೆ ಹೋಗಿದ್ದೆವು. ಅಲ್ಲಿ ಏಪ್ರಿಲ್ ಬಂತೆಂದರೆ ಟರ್ಕಿ ಬೇಟೆಯ ಕಾಲ. ದೊಡ್ಡವರ ಬೇಟೆ ಶುರುವಾಗುವ ಮೊದಲು ಎರಡು ದಿನ ಮಕ್ಕಳಿಗೇ ಮೀಸಲು. ಆರರಿಂದ ಹದಿನೈದು ವರ್ಷದ ಮಕ್ಕಳು, ಜೊತೆಗೆ ತಿಳಿದ ದೊಡ್ಡವರಿದ್ದರೆ, ಒಂದು ಗಂಡು ಟರ್ಕಿಯನ್ನು ಹೊಡೆಯಬಹುದು. ನೆರೆಮನೆಯ ಅಜ್ಜ ತಮ್ಮ ಹನ್ನೆರಡು ವರ್ಷದ ಮೊಮ್ಮಗನನ್ನು ಕರೆದುಕೊಂಡು ಹೊರಟಿದ್ದರು. ಅವನ ಸಹಪಾಠಿ ನನ್ನ ಮೊಮ್ಮಗಳು. ಬೇಟೆಯ ಸುರಕ್ಷತೆಯ ಪುಸ್ತಕವನ್ನು ಅವನು ಓದುವಾಗ ಇವಳೂ ಪಕ್ಕದಲ್ಲಿ ಕೂತು ಓದಿದ್ದಳು. "ಕೋವಿ ಮುಟ್ಟೋದಿಲ್ಲ, ನೋಡೋಕೆ ಮಾತ್ರ" ಎಂದು ಅವಳು ಹಟ ಹಿಡಿದಾಗ, ಮಗಳು "ಅಪ್ಪ ಜೊತೆಗಿದ್ದರೆ ಹೋಗಲಿ" ಅಂದಳು. ಹಾಗೆ ಈ ಮುದುಕನೂ ಹೊರಟ.

ಮಕ್ಕಳೇ, ಈ ಟರ್ಕಿ ಎಂಬ ಹಕ್ಕಿಗೂ ಟರ್ಕಿ ದೇಶಕ್ಕೂ ಹುಟ್ಟಿನ ಸಂಬಂಧವಿಲ್ಲ. ಇದರ ತವರು ಅಮೆರಿಕ ಖಂಡ. ಮೆಕ್ಸಿಕೋದ ಮೂಲನಿವಾಸಿಗಳು ಇದನ್ನು ಮೊದಲೇ ಸಾಕಿದ್ದರು. ಸ್ಪೇನಿನವರು ಅಲ್ಲಿಂದ ಯೂರೋಪಿಗೆ ಒಯ್ದರು. ಟರ್ಕಿ ಕಡೆಯಿಂದ ಬಂದದ್ದಿರಬೇಕೆಂದು ಇಂಗ್ಲಿಷರು ತಪ್ಪು ತಿಳಿದರು. ಹೆಸರು ಹಾಗೇ ನಿಂತಿತು. ನಮ್ಮ ದೇಶಕ್ಕೂ ಈ ಕೋಳಿ ಬಹಳ ಹಿಂದೆಯೇ ಬಂದಿತ್ತು. 1612ರಲ್ಲಿ ಗೋವೆಯ ಪೋರ್ಚುಗೀಸರಿಂದ ಕೊಂಡು ತಂದ ವಿಚಿತ್ರ ಪ್ರಾಣಿಪಕ್ಷಿಗಳ ನಡುವೆ ಒಂದು ಟರ್ಕಿ ಹುಂಜವೂ ಜಹಾಂಗೀರ್ ಬಾದಶಹನ ಆಸ್ಥಾನ ಸೇರಿತು. ಬಾದಶಹ ಬೆರಗಾಗಿ ಮನ್ಸೂರ್ ಎಂಬ ಕಲಾವಿದನಿಂದ ಅದರ ಚಿತ್ರ ಬರೆಸಿದ. ಆ ಚಿತ್ರ ಇವತ್ತಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಬಾದಶಹ ಬೆರಗಾದದ್ದರಲ್ಲಿ ಆಶ್ಚರ್ಯವಿಲ್ಲ. ಟರ್ಕಿ ಹುಂಜದ ತಲೆ, ಕುತ್ತಿಗೆಯ ಮೇಲೆ ಗರಿಯಿಲ್ಲ, ಬರೀ ಚರ್ಮ. ಅದು ರೇಗಿದಾಗ, ಹೇಂಟೆಯನ್ನು ಕಂಡಾಗ ಆ ಚರ್ಮ ಕೆಂಪು, ಬಿಳಿ, ನೀಲಿಯಾಗಿ ಬಣ್ಣ ತಿರುಗುತ್ತದೆ. ಎದೆಯಿಂದ ಗಡ್ಡದ ಹಾಗೆ ಕೂದಲಿನಂಥ ಗರಿಯ ಕುಚ್ಚು ಇಳಿಬಿದ್ದಿರುತ್ತದೆ. ಹುಂಜ ಏಳೆಂಟು ಕಿಲೋದಿಂದ ಹತ್ತು ಕಿಲೋವರೆಗೂ ತೂಗುತ್ತದೆ. ಅಷ್ಟು ಭಾರದ ಹಕ್ಕಿ ರಾತ್ರಿ ಮಲಗುವುದು ಮರದ ಮೇಲೆ! ಅದರ ಕಣ್ಣು ಎಷ್ಟು ಚುರುಕೆಂದರೆ ನಾವು ಬೆರಳು ಅಲ್ಲಾಡಿಸಿದರೂ ಓಡಿಹೋಗುತ್ತದೆ.

ಕಾರು ಓಜಾರ್ಕ್ ಬೆಟ್ಟಗಳ ಕಡೆ ಹೊರಟಿತು. ಗಂಟೆಗೂ ಮೇಲ್ಪಟ್ಟು ದಾರಿ. ದಕ್ಷಿಣ ಮಿಸೌರಿಯಲ್ಲಿ ಸುಮಾರು 15 ಲಕ್ಷ ಎಕರೆಯ ಸರಕಾರಿ ಕಾಡು ಇದೆ. ಅದಕ್ಕೆ ಲೇಖಕ ಮಾರ್ಕ್ ಟ್ವೇನ್ ಹೆಸರನ್ನೇ ಇಟ್ಟಿದ್ದಾರೆ. ದಾರಿಯುದ್ದಕ್ಕೂ ನೆರೆಮನೆಯ ಅಜ್ಜ ಹೇಳಿದರು: "ನನ್ನ ಅಜ್ಜನ ಕಾಲಕ್ಕೆ ಇಲ್ಲಿ ಟರ್ಕಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಕಾಡು ಕಡಿದರು, ಸಿಕ್ಕಾಪಟ್ಟೆ ಹೊಡೆದರು. 1937ರಲ್ಲಿ ಬೇಟೆ ನಿಲ್ಲಿಸಿದರು. ಉಳಿದ ಕಾಡುಹಕ್ಕಿಗಳನ್ನು ಬಲೆ ಹಾಕಿ ಹಿಡಿದು, ಬೇರೆ ಬೇರೆ ಕಡೆ ಬಿಟ್ಟು ಬೆಳೆಸಿದರು. ಮತ್ತೆ ಬೇಟೆಗೆ ಅಪ್ಪಣೆ ಸಿಕ್ಕಿದ್ದು 1960ರಲ್ಲಿ, ಅದೂ ಮೂರೇ ದಿನ. ಅದಕ್ಕೇ ಈಗ ಇಷ್ಟು ಕಟ್ಟುನಿಟ್ಟು." ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಶುರು, ಸರಕಾರಿ ಕಾಡಿನಲ್ಲಿ ದೊಡ್ಡವರ ಬೇಟೆ ಮಧ್ಯಾಹ್ನ ಒಂದಕ್ಕೆ ಬಂದ್. ಗಡ್ಡವಿಲ್ಲದ ಹೇಂಟೆಯನ್ನು ಮುಟ್ಟುವಂತಿಲ್ಲ.

ನಾನೂ ಸುಮ್ಮನಿರಲಿಲ್ಲ. ನಮ್ಮ ತೀರ್ಥಹಳ್ಳಿ ಕಡೆಯ ಮರಸು ಬೇಟೆಯ ಕಥೆ ಹೇಳಿದೆ. ನನ್ನ ಅಜ್ಜ ಕೇಪಿನ ಕೋವಿ ಹಿಡಿದು ರಾತ್ರಿಯೆಲ್ಲ ಮರದ ಮೇಲೆ ಕೂತು ಹಂದಿಗೆ ಕಾಯುತ್ತಿದ್ದದ್ದು, ಊರವರೆಲ್ಲ ಸೇರಿ ಕಾಡು ಸೋಯುತ್ತಿದ್ದದ್ದು ಎಲ್ಲ ಹೇಳಿದೆ. ಈ ಕಥೆಗಳನ್ನು ಮೊಮ್ಮಗಳು ನೂರು ಸಲ ಕೇಳಿದ್ದಾಳೆ. ಆದರೆ ಒಂದು ಕಥೆಯನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ.

ಕಾರು ನಿಲ್ಲಿಸಿ ಇಳಿದಾಗ ಕಗ್ಗತ್ತಲು. ಮೊದಲು ಎಲ್ಲರೂ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ಉಣುಗಿನ ಔಷಧಿ ಸಿಂಪಡಿಸಿಕೊಂಡೆವು. ಅಲ್ಲಿಯೂ ಉಣುಗು ಕಾಟ! ಮಂಗನ ಕಾಯಿಲೆಯ ಸೀಮೆಯಿಂದ ಹೋದ ನನಗೆ ಯಾರೂ ಎರಡು ಸಲ ಹೇಳಬೇಕಾಗಲಿಲ್ಲ. ಕತ್ತಲಲ್ಲಿ ವಿಪ್ಪರ್‌ವಿಲ್ ಎಂಬ ಇರುಳುಹಕ್ಕಿ ಬಿಡುವಿಲ್ಲದೆ ತನ್ನ ಹೆಸರನ್ನೇ ಕೂಗುತ್ತಿತ್ತು.

ಗುಡ್ಡದ ನೆತ್ತಿಗೆ ಬಂದಾಗ ನೆರೆಮನೆಯ ಅಜ್ಜ ಬಾಯಿಗೆ ಕೈ ಹಿಡಿದು ಗೂಬೆಯ ಹಾಗೆ ಕೂಗಿದರು. ಕೂಡಲೇ ಕೆಳಗಿನ ಕಣಿವೆಯ ಮರದ ಮೇಲಿಂದ "ಗ್ಳಗ್ಳಗ್ಳಗ್ಳ" ಎಂದು ಉತ್ತರ ಬಂತು! ಗೂಬೆಯ ದನಿ ಕೇಳಿದರೆ ಟರ್ಕಿ ಹುಂಜ ತಡೆದುಕೊಳ್ಳಲಾರದೆ ಕೂಗಿಬಿಡುತ್ತದಂತೆ. ಹುಂಜ ಎಲ್ಲಿದೆಯೆಂದು ಗೊತ್ತಾಯಿತು. ಹೆಣ್ಣು ಟರ್ಕಿಯ ಬೊಂಬೆಯೊಂದನ್ನು ಬಯಲಲ್ಲಿ ನೆಟ್ಟು, ಅಜ್ಜ ಮೊಮ್ಮಗ ಒಂದು ದಪ್ಪ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತರು. ನಾನೂ ಮೊಮ್ಮಗಳೂ ಹತ್ತು ಹೆಜ್ಜೆ ಎಡಕ್ಕೆ ಇನ್ನೊಂದು ಮರಕ್ಕೆ ಒರಗಿದೆವು. ಮರ ನಮ್ಮ ಹೆಗಲಿಗಿಂತ ಅಗಲವಿರಬೇಕು, ಹಿಂದಿನಿಂದ ಯಾರಾದರೂ ಗುಂಡು ಹಾರಿಸಿದರೆ ಮರವೇ ಕಾಪಾಡುತ್ತದೆ ಎಂದು ಮೊಮ್ಮಗಳು ಪಿಸುಗುಟ್ಟಿದಳು.

ಅಲುಗದೆ ಕೂತರೆ ಚಳಿ ಎಲುಬಿಗೆ ಇಳಿಯುತ್ತದೆ. ಗಂಟಲು ಕೆರೆಯಿತು. ಕೆಮ್ಮಿದರೆ ಹುಂಜ ಓಡಿಹೋಗುತ್ತದೆ. ಇನ್ನೂ ಕತ್ತಲು, ಯಾರು ನೋಡುತ್ತಾರೆ ಎಂದುಕೊಂಡು ಚೀಲದಿಂದ ಮಫ್ಲರನ್ನು ಮೆಲ್ಲಗೆ ತೆಗೆದು ಕುತ್ತಿಗೆಗೆ ಸುತ್ತಿಕೊಂಡೆ. ಬೆಚ್ಚಗಾಯಿತು. ಆಮೇಲೆ ಮರೆತೇಬಿಟ್ಟೆ.

ಬೆಳಕು ಹರಿಯತೊಡಗಿತು. ಎಲೆ ಬರುವ ಮೊದಲೇ ಹೂ ಬಿಡುವ ರೆಡ್‌ಬಡ್ ಮರಗಳು ಬೂದು ಕಾಡಿನ ನಡುವೆ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ನೆರೆಮನೆಯ ಅಜ್ಜ ಜೇಬಿನಿಂದ ಒಂದು ದುಂಡನೆಯ ಸ್ಲೇಟಿನ ಬಿಲ್ಲೆ ತೆಗೆದು ಅದರ ಮೇಲೆ ಕಡ್ಡಿಯಿಂದ ಗೀರಿದರು. ನನ್ನ ವಯಸ್ಸಿನವರಿಗೆ ನೆನಪಿರಬಹುದು: ಗಟ್ಟಿ ಬಳಪ ಸ್ಲೇಟಿನ ಮೇಲೆ ಕಿರ್ರೆಂದು ಹಲ್ಲು ಜುಮ್ಮೆನ್ನಿಸುತ್ತಿತ್ತಲ್ಲ, ಅದೇ ಸದ್ದು! ಅದು ಟರ್ಕಿ ಹೇಂಟೆಯ ಕೂಗಿನ ಪಡಿಯಚ್ಚು. ಕೆಳಗಿನಿಂದ ಹುಂಜ ಓಗೊಟ್ಟಿತು.

ಆದರೆ ಹೇಂಟೆಯ ಕೂಗು ಕೇಳುವುದು ಹುಂಜಕ್ಕೆ ಮಾತ್ರವೇ? ಅದು ನನಗೆ ಅಲ್ಲಿ ಕೂತ ಮೇಲೇ ಹೊಳೆದದ್ದು.

ಮೊದಲು ಬೆನ್ನ ಹಿಂದೆ ತರಗೆಲೆಗಳು ಬರಬರ ಸದ್ದು ಮಾಡಿದವು. ಈ ಬೆಟ್ಟಗಳಲ್ಲಿ ಕರಡಿಯಿದೆ ಎಂದು ಕೇಳಿದ್ದೆ. ಮೈ ಬೆವರಿತು. ಎದುರಿಗೆ ಬಂದದ್ದು ಬೆಕ್ಕಿನಷ್ಟು ದೊಡ್ಡ ಆರ್ಮಡಿಲೊ! ನಮ್ಮ ಚಿಪ್ಪುಹಂದಿಯನ್ನು ನೆನಪಿಸುವ ಕವಚದ ಪ್ರಾಣಿ. ಹುಳು ಹುಡುಕುತ್ತ ನನ್ನ ಬೂಟಿನ ಪಕ್ಕದಲ್ಲೇ ಮೂಗು ತೂರಿಸಿಕೊಂಡು ಹೋಯಿತು. ಮೊಮ್ಮಗಳು ನಗು ತಡೆಯಲು ಕೈಗವಸು ಕಚ್ಚಿಕೊಂಡಳು.

ಅದರ ಬೆನ್ನಿಗೇ ಬಲಗಡೆಯಿಂದ ಒಂದು ಕಯೋಟಿ ಬಂತು. ತೋಳಕ್ಕಿಂತ ಚಿಕ್ಕದು, ನಮ್ಮ ಗುಳ್ಳೆನರಿಗಿಂತ ದೊಡ್ಡದು. ಬೊಂಬೆಯ ಮೇಲೆಯೇ ಕಣ್ಣಿಟ್ಟು ತಲೆ ತಗ್ಗಿಸಿ ಹತ್ತಿರವಾಯಿತು. ಗಾಳಿ ಒಮ್ಮೆ ನಮ್ಮ ಕಡೆಯಿಂದ ಅದರ ಕಡೆಗೆ ಬೀಸಿತು, ಅಷ್ಟೆ. ನಿಂತಿತು, ಮೂಗೆತ್ತಿತು, ಮರುಗಳಿಗೆ ಅಲ್ಲಿರಲಿಲ್ಲ. ಹೇಂಟೆಯ ದನಿ ಮಾಡುತ್ತ ಕೂತವರನ್ನು ಕಾಡು ಹೇಂಟೆಯೆಂದೇ ತಿಳಿಯುತ್ತದೆ. ಬೇಟೆಗೆ ಬಂದವರೇ ಇನ್ನೊಬ್ಬರ ಬೇಟೆಯಾಗುತ್ತಾರೆ.

ಆಗ ಮೊಮ್ಮಗಳು ನನ್ನ ಕಡೆ ತಿರುಗಿದಳು. ಅವಳ ಕಣ್ಣು ಅಗಲವಾಯಿತು.

"ಅಜ್ಜಾ, ಕೆಂಪು. ತೆಗಿ."

"ಚಳಿ ಕಣೇ, ಒಂದು ಗಳಿಗೆ..."

"ಈಗಲೇ ತೆಗಿ ಅಜ್ಜಾ."

ಹನ್ನೊಂದು ವರ್ಷದ ಹುಡುಗಿ ನನಗೆ ಹೇಳುವುದೇ ಎಂದು ಕೊಂಚ ಸಿಟ್ಟೇ ಬಂತು. ಆದರೆ ಅವಳ ಮುಖ ನೋಡಿ ಬಿಚ್ಚಿಕೊಟ್ಟೆ. ಅವಳು ಅದನ್ನು ಮುದ್ದೆ ಮಾಡಿ ತನ್ನ ಕಾಲಡಿಗೆ ಹಾಕಿ ಕೂತಳು.

ಹುಂಜದ ಕೂಗು ಹತ್ತಿರವಾಯಿತು. ಕೊನೆಗೆ ಮರಗಳ ನಡುವೆ ಕಂಡಿತು. ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ಮೈಯುಬ್ಬಿಸಿ, ರೆಕ್ಕೆಯ ತುದಿಯನ್ನು ನೆಲಕ್ಕೆ ಉಜ್ಜುತ್ತ ಒಂದೊಂದೇ ಹೆಜ್ಜೆ ಬರುತ್ತಿತ್ತು. ಬಿಸಿಲಿಗೆ ಗರಿಗಳು ತಾಮ್ರದ ಹಾಗೆ ಮಿಂಚಿದವು. ಹುಡುಗ ಕೋವಿಯನ್ನು ಮೊಣಕಾಲಿನ ಮೇಲೆ ಇಟ್ಟು ಕಾಯುತ್ತಿದ್ದ.

ಅಷ್ಟರಲ್ಲಿ ಬೊಂಬೆಯ ಹಿಂದಿನ ಹುಲ್ಲು ಅಲುಗಿತು. ಕಂದು ಬಣ್ಣದ ಏನೋ ಒಂದು ನೆಲಕ್ಕೆ ಅಂಟಿಕೊಂಡಿತ್ತು. ಕ್ಷಣಾರ್ಧದಲ್ಲಿ ಅದು ಚಿಮ್ಮಿ ಬೊಂಬೆಯ ಕುತ್ತಿಗೆಗೆ ಬಾಯಿ ಹಾಕಿತು. ಬೊಂಬೆ ಉರುಳಿತು, ಧೂಳೆದ್ದಿತು. ಬಾಬ್‌ಕ್ಯಾಟ್! ಸಾಕಿದ ಬೆಕ್ಕಿನ ಎರಡರಷ್ಟು ದೊಡ್ಡ ಕಾಡುಬೆಕ್ಕು, ಮೈಮೇಲೆ ಚುಕ್ಕೆ, ಮೋಟು ಬಾಲ. ಬಾಯಿಗೆ ಮಾಂಸದ ಬದಲು ರಬ್ಬರ್ ಸಿಕ್ಕಿದ್ದಕ್ಕೆ ಅದರ ಮುಖ ಹೇಗಾಯಿತೆಂದರೆ, ಮೋಸಹೋದ ಗಿರಾಕಿಯ ಮುಖವೇ! ಉಗುಳಿ, ನಮ್ಮನ್ನು ಒಮ್ಮೆ ನೋಡಿ, ಅವಸರವಿಲ್ಲದೆ ನಡೆದುಹೋಯಿತು. ಹುಂಜ ಆಗಲೇ "ಪುಟ್ ಪುಟ್" ಎಂದು ಎಚ್ಚರಿಕೆಯ ದನಿ ಹೊರಡಿಸಿ ಕಣಿವೆಗೆ ಹಾರಿತ್ತು.

ಹುಡುಗ ಗುಂಡು ಹಾರಿಸಲಿಲ್ಲ. ಬಾಬ್‌ಕ್ಯಾಟನ್ನು ಆ ಕಾಲದಲ್ಲಿ ಹೊಡೆಯುವಂತಿಲ್ಲ. ಧೂಳಿನಲ್ಲಿ ಏನೆಂದು ಸರಿಯಾಗಿ ಕಾಣದೆ ಕುದುರೆಗೆ ಬೆರಳಿಡಲೂಬಾರದು. ಅವನ ಕೈ ನಡುಗುತ್ತಿತ್ತು.

ನಾವು ಉಸಿರು ಬಿಡುವುದರೊಳಗೆ ನೆರೆಮನೆಯ ಅಜ್ಜ ಗಟ್ಟಿಯಾಗಿ ಕೂಗಿದರು: "ನಿಲ್ಲಿ! ಇಲ್ಲಿ ಜನ ಇದ್ದೇವೆ!" ಅವರು ಕೈ ಬೀಸಲಿಲ್ಲ, ಏಳಲಿಲ್ಲ, ಅಲುಗಲೂ ಇಲ್ಲ. ಮಾತೊಂದೇ. ಕಾಡಿನ ನಿಯಮ ಅದು. ಅಲುಗಿದರೆ ನೋಡುವವನ ಕಣ್ಣಿಗೆ ಪ್ರಾಣಿಯಂತೆ ಕಾಣಬಹುದು, ಮನುಷ್ಯರ ಮಾತು ಮನುಷ್ಯರದೇ.

ನಮ್ಮ ಎಡ ಹಿಂಬದಿಯ ಪೊದೆಗಳ ಆಚೆ, ಅರವತ್ತು ಹೆಜ್ಜೆ ದೂರದಲ್ಲಿ, ಒಬ್ಬ ತಂದೆಯೂ ಹತ್ತು ವರ್ಷದ ಮಗನೂ ಎದ್ದು ನಿಂತರು. ಹುಡುಗನ ಕೈಯಲ್ಲಿ ಕೋವಿ. ಅವರೂ ನಮ್ಮ ಸ್ಲೇಟಿನ ದನಿಗೆ ಮೋಸಹೋಗಿ ಬಂದಿದ್ದರು. ಹತ್ತಿರ ಬಂದು ಕೈಕುಲುಕಿ, ತಂದೆ ಹೇಳಿದ: "ಸ್ವಲ್ಪ ಹೊತ್ತಿನ ಮೊದಲು ಈ ಮರದ ಪಕ್ಕ ಕೆಂಪಗೆ ಏನೋ ಅಲುಗಿತು. ಹುಂಜದ ತಲೆ ಅಂತ ಮಗ ಕೋವಿ ಎತ್ತಿದ. ಗಡ್ಡ ಕಾಣುವವರೆಗೆ ಬೇಡ ಅಂದೆ. ಅಷ್ಟರಲ್ಲಿ ಮಾಯವಾಯಿತು."

ಯಾರೂ ಮಾತಾಡಲಿಲ್ಲ. ಮೊಮ್ಮಗಳು ಕಾಲಡಿಯ ಮಫ್ಲರನ್ನು ಇನ್ನಷ್ಟು ಒಳಗೆ ತಳ್ಳಿದಳು. ನನ್ನನ್ನು ಬಿಟ್ಟುಕೊಡಬಾರದೆಂದು ಅವಳ ಪ್ರಯತ್ನ. ನಾನೇ ಅದನ್ನು ಎಳೆದು ತೆಗೆದು, "ಅದು ನಾನು" ಅಂದೆ.

ನೆರೆಮನೆಯ ಅಜ್ಜ ನನ್ನನ್ನು ಬೈಯಲಿಲ್ಲ. ತಮ್ಮ ಮೊಮ್ಮಗನ ಕೋವಿಯಿಂದ ತೋಟಾ ತೆಗೆಸಿದರು. ಆಮೇಲೆ ಆ ಹತ್ತು ವರ್ಷದ ಹುಡುಗನ ಮುಂದೆ ಮಂಡಿಯೂರಿ, "ಇವತ್ತು ಈ ಕಾಡಿನಲ್ಲಿ ಎಲ್ಲರಿಗಿಂತ ಒಳ್ಳೆಯ ಬೇಟೆಗಾರ ನೀನು" ಅಂದರು. ನಾವು ತಂದಿದ್ದ ಚಪಾತಿ, ಚಟ್ನಿಪುಡಿಯನ್ನು ಏಳು ಭಾಗ ಮಾಡಿ ಎಲ್ಲರೂ ತಿಂದೆವು. ಏಳನೆಯದು ಆ ಹುಡುಗನಿಗೆ ಎರಡನೇ ಸಲ.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಮೊಮ್ಮಗಳಿಗೆ ನಾನು ಹೇಳದೆ ಉಳಿಸಿಕೊಂಡಿದ್ದ ಕಥೆ ಹೇಳಿದೆ. ನನ್ನ ಅಜ್ಜ ಕೋವಿಯನ್ನು ಅಟ್ಟಕ್ಕೆ ಹಾಕಿದ್ದು 1972ರ ವನ್ಯಜೀವಿ ಕಾಯ್ದೆಗೆ ಹೆದರಿ ಅಲ್ಲ, ಅದಕ್ಕೂ ಬಹಳ ಮೊದಲೇ. ಒಂದು ರಾತ್ರಿ ಗದ್ದೆಯಂಚಿನಲ್ಲಿ ಹಂದಿಯೆಂದು ಅವರು ಹಾರಿಸಿದ ಗುಂಡು, ನೀರು ಕಟ್ಟಲು ಬಂದಿದ್ದ ಪಕ್ಕದ ಮನೆಯವರ ಕಾಲಿಗೆ ತಗಲಿತ್ತು. ಅವರು ಬದುಕಿದರು, ಆದರೆ ಮತ್ತೆ ನೆಟ್ಟಗೆ ನಡೆಯಲಿಲ್ಲ. ಅವರು ಸಾಯುವವರೆಗೂ ಅವರ ಗದ್ದೆಯನ್ನು ನನ್ನ ಅಜ್ಜನೇ ಉತ್ತುಕೊಟ್ಟರು.

"ಇದನ್ನ ಯಾಕೆ ಇಷ್ಟು ದಿನ ಹೇಳಲಿಲ್ಲ ಅಜ್ಜಾ?" ಎಂದಳು.

"ಶಿಕಾರಿ ಕಥೆಯಲ್ಲಿ ಯಾರೂ ಅದನ್ನ ಹೇಳೋದಿಲ್ಲ ಕಣೇ" ಅಂದೆ.

ಮನೆಗೆ ಬಂದ ಕೂಡಲೇ ನನ್ನ ಹೆಂಡತಿ ಕೇಳಿದ್ದು ಒಂದೇ: "ಚಳೀಲಿ ಮಫ್ಲರ್ ಹಾಕ್ಕೊಂಡಿದ್ರಿ ತಾನೆ?" ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಚಪ್ಪಲಿ ಬಿಟ್ಟು, ಕೂತು, ಒಂದನ್ನೂ ಬಿಡದೆ ಹೇಳಿದೆ. ಅವಳು ತುಂಬ ಹೊತ್ತು ಮಾತಾಡಲಿಲ್ಲ. ಮಾರನೆಯ ದಿನ ಮಗಳ ಜೊತೆ ಅಂಗಡಿಗೆ ಹೋಗಿ ಪಾಚಿ ಬಣ್ಣದ ಉಲ್ಲನ್ ಉಂಡೆ ಎರಡು ತಂದಳು.