ಬ್ರೇಕ್ ಆಯಿಲ್ ಎಣ್ಣೆಯಲ್ಲ

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಕಾರಿನೊಳಗೆ ಹರಿಯುವುದಕ್ಕೆಲ್ಲ ಒಂದೇ ಹೆಸರು, ಆಯಿಲ್. ಇಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಆಯಿಲ್. ರೇಡಿಯೇಟರಿಗೆ ಹಾಕುವ ಕೂಲೆಂಟ್ ಮಾತ್ರ ‘ನೀರು’. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹೊಗೆಸೊಪ್ಪು ಬೇಸಾಯದ ವೃತ್ತಿಪದಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಕಿವಿಗೆ ಬಿದ್ದ ಪದಗಳನ್ನೆಲ್ಲ ಚೀಟಿಯಲ್ಲಿ ಗುರುತು ಹಾಕಿಕೊಳ್ಳುವ ಅಭ್ಯಾಸ. ‘ಬ್ರೇಕ್ ಆಯಿಲ್’ ಕೂಡ ಆ ಚೀಟಿಗಳಲ್ಲಿತ್ತು. ಅದು ಎಣ್ಣೆಯೇ ಅಲ್ಲ ಎಂದು ತಿಳಿದದ್ದು ಕಳೆದ ಫೆಬ್ರವರಿಯಲ್ಲಿ, ಮನೆಯ ಕಾರನ್ನು ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಒಯ್ಯಲು ಸಿದ್ಧಮಾಡುವಾಗ.

ಟ್ರ್ಯಾಕ್ ಡೇ ಅಂದರೆ ಪಂದ್ಯವಲ್ಲ. ಶುಲ್ಕ ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ದಿನವೂ ಓಡಿಸುವ ಕಾರನ್ನೇ ಮುಚ್ಚಿದ ಟ್ರ್ಯಾಕಿನಲ್ಲಿ ಸರದಿಯ ಮೇಲೆ ಓಡಿಸುವ ದಿನ. ಎದುರಿನಿಂದ ಯಾರೂ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಒಣಗಲು ಹರವಿದ ರಾಗಿ ಇರುವುದಿಲ್ಲ. ಕೊಯಮತ್ತೂರಿನ ಹೊರವಲಯದ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿಲೋಮೀಟರ್ ಉದ್ದದ ಟ್ರ್ಯಾಕು. ಮಾರುತಿ 800ರ ಇಂಜಿನ್ ಇಟ್ಟು ಫಾರ್ಮುಲಾ ಮಾರುತಿ ಎಂಬ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕಿದೆ. ಹುಣಸೂರಿನಲ್ಲಿ ವೇಗದ ಹುಚ್ಚಿರುವ ಹುಡುಗರು ರಾತ್ರಿ ಹೊತ್ತು ಮೈಸೂರು ರಸ್ತೆಯಲ್ಲಿ ಏನು ಮಾಡುತ್ತಾರೆಂದು ಊರಿಗೆಲ್ಲ ಗೊತ್ತು. ನನ್ನ ಪಿಯುಸಿ ಗೆಳತಿಯ ತಮ್ಮ ಹಾಗೆ ಹೋಗಿ ಈಗ ಊರುಗೋಲು ಹಿಡಿದಿದ್ದಾನೆ. ವೇಗದ ಆಸೆ ನನಗೂ ಇತ್ತು. ಅದಕ್ಕೊಂದು ಜಾಗ ಇದೆಯೆಂದು ತಿಳಿದ ಮೇಲೆ ರಸ್ತೆಯಲ್ಲಿ ಆ ಆಸೆ ತೀರಿಸಿಕೊಳ್ಳಬೇಕು ಅನ್ನಿಸಲಿಲ್ಲ.

ಕಾರು ಮಾತ್ರ ನನ್ನದಲ್ಲ. ಅಪ್ಪ ಮೂರು ವರ್ಷದ ಹಿಂದೆ ಸೊಪ್ಪು ಮಾರಿದ ದುಡ್ಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಸ್ವಿಫ್ಟ್. ನನ್ನ ಕ್ಷೇತ್ರಕಾರ್ಯವೂ ಅದರಲ್ಲೇ, ಹದಿನೈದು ದಿನಕ್ಕೊಮ್ಮೆ ಅಮ್ಮನನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯುವುದೂ ಅದರಲ್ಲೇ. ಅಪ್ಪ ಒಂದೇ ಮಾತು ಹೇಳಿದರು: “ಭಾನುವಾರ ಏನಾರ ಮಾಡ್ಕೊ. ಸೋಮವಾರ ನಿಮ್ಮವ್ವನ್ ಆಸ್ಪತ್ರೆಗೆ ಕಾರು ಸರಿಯಾಗಿರ್ಬೇಕು.” ಯಾವ ದ್ರವ ಹಾಕಬೇಕೆಂಬ ಆಯ್ಕೆಗಳೆಲ್ಲ ಆ ಸೋಮವಾರದಿಂದಲೇ ತೀರ್ಮಾನವಾದವು.

ಮೊದಲು ಇಂಜಿನ್ ಆಯಿಲ್. ಪಿರಿಯಾಪಟ್ಟಣದ ಬಿ.ಎಂ. ರಸ್ತೆಯಲ್ಲಿ ಅಪ್ಪನಿಗೆ ಪರಿಚಯವಿರುವ ಮೆಕ್ಯಾನಿಕ್ ಒಬ್ಬರಿದ್ದಾರೆ. ರೇಸ್ ಅಂದ ಕೂಡಲೇ ಅವರು, “20W-50 ಹಾಕ್ಬುಡಣ ಕಣವ್ವ, ದಪ್ಪ ಎಣ್ಣೆ ಹಾಕುದ್ರೆ ಇಂಜಿನ್ ಗಟ್ಟಿ” ಅಂದರು. ಈ ನಂಬಿಕೆ ನಾಲ್ಕು ತಾಲ್ಲೂಕಿನಲ್ಲೂ ಇದೆ. W ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ, ಅದರ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತದೆ ಎಂಬುದನ್ನು. ಕೊನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಎಷ್ಟು ಮಂದವಾಗಿರುತ್ತದೆ ಎಂಬುದನ್ನು ಹೇಳುತ್ತದೆ. ಈ ಇಂಜಿನ್ನಿನ ಒಳಗಿನ ಸಂದುಗಳು ತೆಳು ಎಣ್ಣೆಗೆಂದೇ ಅಳತೆ ಮಾಡಿದವು. ತೀರಾ ಮಂದವಾದ ಎಣ್ಣೆ ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನವರೆಗೆ ಬೇಗ ಏರುವುದಿಲ್ಲ. ಆದ್ದರಿಂದ ಕಾರಿನ ಪುಸ್ತಕದಲ್ಲಿ ಹೇಳಿದ ದರ್ಜೆಯಲ್ಲೇ ಪೂರ್ತಿ ಸಿಂಥೆಟಿಕ್ ಎಣ್ಣೆ ಹೊಸದಾಗಿ ಹಾಕಿಸಿ, ಕಡ್ಡಿಯ ಮೇಲಿನ ಗೆರೆಗೆ ಸರಿಯಾಗಿ ನಿಲ್ಲಿಸಿದೆವು. ತಿರುವಿನಲ್ಲಿ ಎಣ್ಣೆ ಒಂದು ಪಕ್ಕಕ್ಕೆ ಓಡುತ್ತದೆ. ಮಟ್ಟ ಕಡಿಮೆಯಿದ್ದರೆ ಪಂಪು ಗಾಳಿ ಹೀರುತ್ತದೆ.

ಕೂಲೆಂಟಿನ ವಿಚಾರದಲ್ಲಿ ಸೇರಿಸಿದ್ದಕ್ಕಿಂತ ನೋಡಿದ್ದೇ ಹೆಚ್ಚು. ರೇಡಿಯೇಟರ್ ಮುಚ್ಚಳ ಒಳಗಿನ ಒತ್ತಡ ಹಿಡಿದಿಟ್ಟಿರುವುದರಿಂದಲೇ 100 ಡಿಗ್ರಿ ದಾಟಿದರೂ ಒಳಗಿನದು ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಎಂಥ ದುಬಾರಿ ಕೂಲೆಂಟ್ ಹಾಕಿದರೂ ಅಷ್ಟೇ. ಮುಚ್ಚಳ ಬದಲಾಯಿತು, ಪೈಪುಗಳನ್ನು ಹಿಸುಕಿ ನೋಡಿದ್ದಾಯಿತು. ನಮ್ಮ ಬೋರ್‌ವೆಲ್ ನೀರಿನಿಂದ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಅಲ್ಲೂ ಕಟ್ಟುತ್ತದೆ. ಹಾಗಾಗಿ ಡಿಸ್ಟಿಲ್ಡ್ ವಾಟರ್ ತಂದೆ.

ಉಳಿದದ್ದು ಬ್ರೇಕು. ಓಡುವ ಕಾರಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಿಂದ ನಿಲ್ಲಿಸುವುದಕ್ಕಿಂತ 120ರಿಂದ ನಿಲ್ಲಿಸುವಾಗ ನಾಲ್ಕು ಪಟ್ಟು ಶಕ್ತಿ ಬಿಸಿಯಾಗಿ ಹೊರಬೀಳಬೇಕು. ರಸ್ತೆಯಲ್ಲಿ ಅಂಥ ಬ್ರೇಕು ವರ್ಷಕ್ಕೊಮ್ಮೆ ಹಾಕುತ್ತೇವೇನೋ, ಟ್ರ್ಯಾಕಿನಲ್ಲಿ ಪ್ರತಿ ಸುತ್ತಿನಲ್ಲೂ ಹಾಕಬೇಕು. ಆ ಬಿಸಿ ಬ್ರೇಕ್ ಪ್ಯಾಡಿನಿಂದ ಅದರ ಹಿಂದಿನ ದ್ರವಕ್ಕೆ ಇಳಿಯುತ್ತದೆ. ದ್ರವ ಕುದಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ಕುಗ್ಗುತ್ತದೆ, ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ.

ಬ್ರೇಕಿನ ದ್ರವ ಗ್ಲೈಕಾಲ್ ಜಾತಿಯದು. ಎಣ್ಣೆ ನೀರಿನೊಂದಿಗೆ ಬೆರೆಯದು, ಇದು ಬೆರೆಯುತ್ತದೆ. ಅಷ್ಟೇ ಅಲ್ಲ, ರಬ್ಬರ್ ಪೈಪುಗಳ ಮೂಲಕ, ಡಬ್ಬಿಯ ಗಾಳಿಕಂಡಿಯ ಮೂಲಕ ಗಾಳಿಯ ತೇವವನ್ನು ಸದ್ದಿಲ್ಲದೆ ಕುಡಿಯುತ್ತಿರುತ್ತದೆ. ಹೆಸರು ನಂಬಿ ಯಾರಾದರೂ ನಿಜವಾದ ಎಣ್ಣೆ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಡಾಟ್ 3 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ನಡುವಿನ ಡಾಟ್ 5 ಸಿಲಿಕೋನ್, ಬೇರೆ ಜಾತಿ, ಇವುಗಳ ಜೊತೆ ಬೆರೆಸುವಂತಿಲ್ಲ.

ರೇಸಿಗೆಂದೇ ಬರುವ ದ್ರವಗಳು ಇನ್ನೂ ಹೆಚ್ಚು ಬಿಸಿ ತಡೆಯುತ್ತವೆ, ಆದರೆ ಅವನ್ನು ಬೇಗ ಬೇಗ ಬದಲಾಯಿಸುತ್ತಿರಬೇಕು. ನಮ್ಮ ಕಾರು ಸೋಮವಾರದಿಂದ ಮತ್ತೆ ಆಸ್ಪತ್ರೆ ದಾರಿಯದು. ಹಾಗಾಗಿ ಡಾಟ್ 4 ಸಾಕೆಂದು ತೀರ್ಮಾನಿಸಿದೆ. ಕೆ.ಆರ್. ನಗರದ ಒಂದು ಬಿಡಿಭಾಗದ ಅಂಗಡಿಯಲ್ಲಿ ಅರ್ಧ ಉಳಿದ ಡಬ್ಬಿ ಕಡಿಮೆಗೆ ಕೊಡುತ್ತೇನೆಂದರು. ಮುಚ್ಚಳ ತೆಗೆದ ಡಬ್ಬಿ ಅಂದರೆ ಆಗಲೇ ನೀರು ಕುಡಿಯಲು ಶುರುಮಾಡಿದ ಡಬ್ಬಿ. ಸೀಲು ಒಡೆಯದ ಅರ್ಧ ಲೀಟರಿನ ಎರಡು ಡಬ್ಬಿ ಮೈಸೂರಿನಿಂದ ತಂದೆ.

ಇದನ್ನೆಲ್ಲ ಅಪ್ಪನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಗಾಳಿಯ ನೀರು ಕುಡಿಯುತ್ತೆ ಅಂದಿದ್ದೇ ತಡ, “ಬೆಂದ ಸೊಪ್ಪಿನ ಥರ ಅನ್ನು” ಅಂದರು. ಬ್ಯಾರನ್ನಿನಲ್ಲಿ ಐದಾರು ದಿನ ಬೆಂದು ಇಳಿದ ಹೊಗೆಸೊಪ್ಪು ಮುಟ್ಟಿದರೆ ಪುಡಿಯಾಗುತ್ತದೆ. ಬಾಗಿಲು ತೆರೆದಿಟ್ಟರೆ ರಾತ್ರಿಯ ತೇವ ಕುಡಿದು ಹದಕ್ಕೆ ಬರುತ್ತದೆ. ಹದ ಮೀರಿ ಕುಡಿದರೆ ಹರಾಜಿನಲ್ಲಿ ಬೆಲೆ ಬಿತ್ತು. ತೇವ ಕಣ್ಣಿಗೆ ಕಾಣದೆ ಒಳಗೆ ಸೇರುವುದನ್ನು ನಲವತ್ತು ವರ್ಷ ಕೈಬೆರಳಿನಲ್ಲಿ ಅಳೆದವರಿಗೆ ನಾನು ಹೇಳಬೇಕಾದ್ದು ಏನೂ ಉಳಿದಿರಲಿಲ್ಲ.

ಬ್ರೇಕಿನ ಏರ್ ತೆಗೆಯುವಾಗ ಪೆಡಲ್ ಒತ್ತಲು ಅಪ್ಪನೇ ಕುಳಿತರು. ಚಕ್ರದ ಹಿಂದಿನಿಂದ ಮೆಕ್ಯಾನಿಕ್ ಕೂಗುತ್ತಿದ್ದರು: “ಒತ್ತಿ ಯಜಮಾನ್ರೇ... ಹಿಡ್ಕಳಿ... ಬುಡಿ.” ಪಾರದರ್ಶಕ ಪೈಪಿನಲ್ಲಿ ಇಳಿದದ್ದು ಕಾಫಿ ಡಿಕಾಕ್ಷನ್ನಿನಂಥ ಕಪ್ಪು ದ್ರವ. ಹೊಸದರ ಬಣ್ಣ ತಿಳಿ ಜೇನಿನದು. ಹಿಂದಿನ ಮಾಲೀಕರು ಯಾವಾಗ ಹಾಕಿಸಿದ್ದರೋ, ಹಾಕಿಸಿದ್ದರೋ ಇಲ್ಲವೋ. ಬಣ್ಣ ನೋಡಿ ಕುದಿಯುವ ಮಟ್ಟ ಹೇಳಲಾಗದು ನಿಜ. ಆದರೂ ಹೋದ ವರ್ಷ ತಲಕಾವೇರಿಗೆ ಹೋಗಿ, ಮಡಿಕೇರಿಯ ಇಳಿಜಾರುಗಳಲ್ಲಿ ಮನೆಮಂದಿಯೆಲ್ಲ ಇಳಿದು ಬಂದದ್ದು ಇದನ್ನೇ ನಂಬಿ. ಅಪ್ಪ ಸೀಟಿನಿಂದ ಇಳಿದು ಆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಏನೂ ಅನ್ನಲಿಲ್ಲ.

ಹೊಸ ಪ್ಯಾಡುಗಳನ್ನು ಪಳಗಿಸಲು ಮೊದಲ ದಿನವೇ ಜೋರಾಗಿ ಒತ್ತುವಂತಿಲ್ಲ. ಹಗುರವಾಗಿ ಶುರುಮಾಡಿ ಹಂತಹಂತವಾಗಿ ಬಿಸಿ ಏರಿಸಿ, ಓಡಿಸುತ್ತಲೇ ಆರಲು ಬಿಡಬೇಕು. ಬ್ಯಾರನ್ನಿನ ಒಲೆಯದೂ ಇದೇ ಕ್ರಮ. ನೂರು ಫ್ಯಾರನ್‌ಹೀಟಿನೊಳಗೆ ಶುರುವಾಗಿ ನೂರ ಅರವತ್ತರ ಆಸುಪಾಸಿಗೆ ಏರಲು ದಿನಗಳು ಬೇಕು.

ಕೊನೆಗೆ ಕಾರು ಖಾಲಿ ಮಾಡಿದೆ. ಜಾಕು, ಕೊಡೆ, ಸೊಪ್ಪು ಕಟ್ಟುವ ದಾರದ ಉಂಡೆ, ನನ್ನ ಪದಚೀಟಿಗಳ ಡಬ್ಬ. ಸಡಿಲವಾಗಿರುವುದೆಲ್ಲ ತಿರುವಿನಲ್ಲಿ ಹಾರಿ ಪೆಡಲಿನಡಿ ಸಿಕ್ಕಿಕೊಳ್ಳಬಹುದು. ಡ್ಯಾಶ್‌ಬೋರ್ಡಿನ ಮೇಲಿನ ಚಾಮುಂಡಿಯನ್ನು ಬಿಡಿಸುವಾಗ ಅಮ್ಮ, “ತಾಯಿನೇ ಇಳಿಸ್ತೀಯಾ?” ಅಂದಳು. ಕಾರಣ ಹೇಳಿದೆ. ವಿಗ್ರಹವನ್ನು ದೇವರ ಕೋಣೆಗೆ ಒಯ್ದು ಕೂರಿಸಿ, “ಇಲ್ಲಿಂದಲೇ ಕಾಯ್ತಾಳೆ ಬುಡು” ಅಂದಳು.

ಶನಿವಾರ ಚಾಮರಾಜನಗರ, ಹಾಸನೂರು ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದೆ, ಬ್ರೇಕಿಗಿಂತ ಹೆಚ್ಚಾಗಿ ಎರಡನೇ ಗೇರನ್ನೇ ನೆಚ್ಚಿಕೊಂಡು. ಭಾನುವಾರ ನಾಲ್ಕು ಸರದಿ. ವೇಗ ಎಷ್ಟಿತ್ತೆಂದು ನೋಡಲು ಪುರುಸೊತ್ತಿರಲಿಲ್ಲ. ನೆನಪಿರುವುದು ಕಾಲು. ಪ್ರತಿ ಸುತ್ತಿನಲ್ಲೂ ನೇರದಾರಿಯ ಕೊನೆಯಲ್ಲಿ ಪೆಡಲು ಒಂದೇ ಎತ್ತರದಲ್ಲಿ, ಒಂದೇ ಗಟ್ಟಿಯಲ್ಲಿ ಸಿಗುತ್ತಿತ್ತು. ಮೂರನೇ ಸರದಿಯಲ್ಲಿ ನನಗಿಂತ ಎಷ್ಟೋ ಶಕ್ತಿಯ ಕಾರೊಂದು ತಿರುಗಬೇಕಾದ ಕಡೆ ತಿರುಗದೆ ನೇರವಾಗಿ ಮಣ್ಣಿಗಿಳಿಯಿತು. ಪೆಡಲು ಸ್ಪಂಜಿನಂತಾಯಿತು ಅಂದರು ಅದರ ಚಾಲಕರು. ಯಾರಿಗೂ ಏನೂ ಆಗಲಿಲ್ಲ, ಅಲ್ಲಿ ಮಣ್ಣು ಬಿಟ್ಟಿರುವುದೇ ಅದಕ್ಕೆ. ಘಾಟಿಯ ತಿರುವಿನಲ್ಲಿ ಅಂಥ ಮಣ್ಣು ಇರುವುದಿಲ್ಲ.

ಪ್ರತಿ ಸರದಿಯ ಕೊನೆಯ ಸುತ್ತು ನಿಧಾನವಾಗಿ, ಬ್ರೇಕು ಆರಲಿ ಎಂದು. ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ವೀಲ್ ನಟ್ಟುಗಳನ್ನು ಮತ್ತೆ ನೋಡಿಕೊಂಡೆ. ಮಧ್ಯಾಹ್ನವೇ ಹೊರಟು, ಘಾಟಿಗೆ ರಾತ್ರಿ ಸಂಚಾರ ನಿಲ್ಲಿಸುವ ಮೊದಲೇ ಹತ್ತಿ, ಮನೆ ಸೇರಿದೆ. ಸೋಮವಾರ ಎಂಟಕ್ಕೆ ಅಮ್ಮನೊಂದಿಗೆ ಆಸ್ಪತ್ರೆಗೆ ಹೊರಟೆವು. ಚಾಮುಂಡಿ ಮತ್ತೆ ತನ್ನ ಜಾಗದಲ್ಲಿದ್ದಳು.

ಆ ವಾರ ಅಪ್ಪ ನಮ್ಮ ಟ್ರ್ಯಾಕ್ಟರಿನ ಬ್ರೇಕನ್ನೂ, ಅಡವಿಯಂಚಿನ ಎಚ್.ಡಿ. ಕೋಟೆ ದಾರಿಯಲ್ಲಿ ಜನ ತುಂಬಿಕೊಂಡು ಓಡಾಡುವ ಚಿಕ್ಕಪ್ಪನ ಜೀಪನ್ನೂ ತೋರಿಸಲು ಅದೇ ಗ್ಯಾರೇಜಿಗೆ ಹೋಗಿದ್ದರು. ನಮ್ಮ ಕಾರಿನ ಬಾನೆಟ್ ಎತ್ತಿದರೆ ಒಳಬದಿಯಲ್ಲಿ ಈಗ ಸುಣ್ಣದಲ್ಲಿ ಬರೆದ ಒಂದು ತಾರೀಖು ಕಾಣುತ್ತದೆ. ಬ್ಯಾರನ್ನಿಗೆ ಸೊಪ್ಪು ಏರಿಸಿದ ದಿನ ಅದರ ಬಾಗಿಲ ಮೇಲೆ ಬರೆಯುವ ಅಪ್ಪನ ಅಕ್ಷರವೇ ಅದು.