ಸಂಗಮದ ಹಾದಿಯಲ್ಲಿ ಗಾಲಿಕುರ್ಚಿ

ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮಕ್ಕೆ ನಾವು ಮಠದಲ್ಲಿ ಓದುತ್ತಿದ್ದ ದಿನಗಳಿಂದಲೂ ಹೋಗಿ ಬರುತ್ತಿರುವೆವು. ಆಗಿನ್ನೂ ನಾರಾಯಣಪುರದ ಅಣೆಕಟ್ಟು ಮುಗಿದಿರಲಿಲ್ಲ. 1982ರಲ್ಲಿ ಅದು ಪೂರ್ಣಗೊಂಡು ಹಿನ್ನೀರು ಏರಿತು. ಅಣ್ಣ ಬಸವಣ್ಣನವರ ಐಕ್ಯಸ್ಥಳವನ್ನು ಬಾವಿಯಂತಹ ಎತ್ತರದ ಗೋಡೆ ಕಟ್ಟಿ ನೀರಿನಿಂದ ಕಾಪಾಡಲಾಗಿದೆ. ಸೇತುವೆಯ ಮೇಲೆ ನಡೆದು, ಆ ಬಾವಿಯೊಳಗೆ ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ನಡೆಯುವುದು, ಇಳಿಯುವುದು ಎಂಬ ಎರಡು ಕ್ರಿಯಾಪದಗಳ ಭಾರ ನಮಗೆ ತಿಳಿದದ್ದು ಪಾರ್ಶ್ವವಾಯುವಿನಿಂದ ಎಡಗಾಲು ಸೋತ ಮೇಲೆ.

2024ರ ಮಕರ ಸಂಕ್ರಮಣಕ್ಕೆ ಗಾಲಿಕುರ್ಚಿಯಲ್ಲಿಯೇ ಹೊರಟೆವು. ನೂಕಲು ಶಿಷ್ಯರೊಬ್ಬರು ಜೊತೆಗಿದ್ದರು. ಪುಣ್ಯಸ್ನಾನಕ್ಕೆಂದು ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಬಂದ ಜನ ಹೊಳೆಯ ದಂಡೆ ತುಂಬಿದ್ದರು. ಕುಳಿತವನ ಕಣ್ಣಿಗೆ ಜಾತ್ರೆಯೆಂದರೆ ಬರಿಯ ಬೆನ್ನುಗಳು, ಮೊಣಕೈಗಳು, ಮುಖಕ್ಕೆ ಬಡಿಯುವ ಕೈಚೀಲಗಳು. ದಾರಿ ಬಿಡಿರೆಂದರೆ ಯಾರಿಗೂ ಕೇಳಿಸದು. ಆದರೆ ನಮ್ಮ ಹಣೆಯ ವಿಭೂತಿ, ಕೊರಳ ರುದ್ರಾಕ್ಷಿಗಳನ್ನು ಕಂಡವರು ಚಲಿಸುತ್ತಿರುವ ಕುರ್ಚಿಯ ಮುಂದೆ ಥಟ್ಟನೆ ಬಾಗಿ ಪಾದ ಮುಟ್ಟುವರು! ಭಕ್ತಿಗೆ ಬೇಡವೆನ್ನಲಾದೀತೇ? ಹಿಂದಿನವರ ನೂಕಿಗೆ ಕುರ್ಚಿಯ ಪಾದಪಟ್ಟಿ ಒಬ್ಬ ತಾಯಿಯ ಮೊಣಕಾಲಿಗೆ ತಗುಲಿತು. ಇನ್ನೊಬ್ಬರು ನಮ್ಮನ್ನು ಬಿಟ್ಟು ಶಿಷ್ಯರನ್ನು, "ಅಜ್ಜಾರಿಗೆ ನೀರು ಬೇಕೇನ್ರಿ?" ಎಂದು ಕೇಳಿದರು. ಸೋತದ್ದು ಕಾಲು, ಕಿವಿಯಲ್ಲವೆಂದು ನಾವೇ ಉತ್ತರಿಸಿದೆವು.

ಬಾವಿಯ ಬಾಯಿಯ ಬಳಿ ನಾಲ್ವರು ತರುಣರು ನಮ್ಮನ್ನು ಕೇಳದೆಯೇ ಕುರ್ಚಿಯನ್ನು ಎತ್ತಿಯೇಬಿಟ್ಟರು. ಒಬ್ಬ ಹಿಡಿದದ್ದು ಕಳಚಿಬರುವ ಕೈಯೊರಗನ್ನು, ಮತ್ತೊಬ್ಬ ಹಿಡಿದದ್ದು ತಿರುಗುವ ಗಾಲಿಯನ್ನು. ಕೆಳಗೆ ಕಡಿದಾದ ಮೆಟ್ಟಿಲುಗಳು. "ಇಳಿಸಿರಿ!" ಎಂದು ನಾವು ಕೂಗಿದ ದನಿ ನಮಗೇ ಅಪರಿಚಿತವಾಗಿತ್ತು.

"ತಪ್ಪಾತ್ರಿ ಅಜ್ಜಾರ. ಪುಣ್ಯದ ಕೆಲಸ ಅಂತ ಎತ್ತಿದ್ವಿ," ಎಂದನೊಬ್ಬ. ಅವನ ಮನಸ್ಸು ಒಳ್ಳೆಯದೇ. ಆದರೆ ಅವನ ಪುಣ್ಯಕ್ಕೆ ನಾವು ಮೂಟೆಯಾಗಬೇಕಾಗಿತ್ತು. ಮೊದಲು ಕೇಳಬೇಕು, ಹಿಡಿಯುವುದಾದರೆ ಕುರ್ಚಿಯ ಗಟ್ಟಿ ಚೌಕಟ್ಟನ್ನೇ ಹಿಡಿಯಬೇಕು, ಕಡಿದಾದ ಇಳಿಜಾರಿನಲ್ಲಿ ಹಿಮ್ಮುಖವಾಗಿ ಇಳಿಸಬೇಕು ಎಂದು ತಿಳಿಸಿದೆವು. ಅಂದು ದರ್ಶನವಿಲ್ಲದೆ ಮರಳಿದೆವು. ಗುಡಿಯ ಅಂಗಳದಲ್ಲಿ ಕುಳಿತಾಗ ಕೋಪ ಬಂದದ್ದು ಸುಳ್ಳಲ್ಲ.

ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬ ಲೆಕ್ಕ ಕಟ್ಟಡ ಕಟ್ಟುವವರಿಗೆ ಗೊತ್ತು. ಸಾರ್ವಜನಿಕ ಕಟ್ಟಡಗಳು ನಮ್ಮಂಥವರಿಗೂ ಒದಗುವಂತಿರಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ವಿಧಿಸಿದೆ. ಆದರೆ ನೆರೆದ ಜನದ ಬೆನ್ನುಗಳಿಗೆ ಯಾವ ಕಾಯ್ದೆಯುಂಟು? ಮನೆಯಲ್ಲಿ ಹಿರಿಯರು ಮಕ್ಕಳಿಗೆ ಹೇಳಿಕೊಡಬೇಕಾದ ಮಾತಿದು. ಹಿರಿಯರಿಗೆ ಯಾರು ಹೇಳಬೇಕೋ ತಿಳಿಯದು.

ರಾತ್ರಿ ತಂಗಿದ್ದಲ್ಲಿ ಪರಿಚಯವಾದ ಇಬ್ಬರು ಯಾತ್ರಿಕರನ್ನು ನಾವೇ ಬಾಯಿಬಿಟ್ಟು ಕೇಳಿದೆವು. ಕೇಳುವುದಕ್ಕೂ ಅಭ್ಯಾಸ ಬೇಕು. ನಮಗದು ಈ ವಯಸ್ಸಿನಲ್ಲಿ ಬಂದಿತು. ಮರುದಿನ ಬೆಳಗು ಹರಿಯುವ ಮೊದಲೇ, ಜನವಿಲ್ಲದ ಹೊತ್ತಿನಲ್ಲಿ, ಕುರ್ಚಿಯನ್ನು ಮೇಲೆಯೇ ಬಿಟ್ಟೆವು. ಅವರಿಬ್ಬರೂ ಕೈಗೆ ಕೈ ಹೆಣೆದು ನಮ್ಮನ್ನು ಕೂರಿಸಿಕೊಂಡು, ಮೆಟ್ಟಿಲಿಗೊಮ್ಮೆ ನಿಂತು, "ಸರಿ ಐತೇನ್ರಿ?" ಎಂದು ವಿಚಾರಿಸುತ್ತ ಇಳಿಸಿದರು. ಬಹಳ ಹೊತ್ತು ಕುಳಿತೆವು. ಯಾರೂ ಅವಸರಿಸಲಿಲ್ಲ.

ಮೇಲೆ ಬರುವಷ್ಟರಲ್ಲಿ ಜನ ನೆರೆಯತೊಡಗಿದ್ದರು. ನಮ್ಮ ಕುರ್ಚಿಯ ಮೇಲೆ ಯಾರೋ ಒದ್ದೆ ಧೋತರವನ್ನು ಒಣಹಾಕಿದ್ದರು.