ಸಹಿ ಸಣ್ಣದಾದಾಗ

ಬ್ಯಾಂಕಿನ ಗುಮಾಸ್ತನಿಗೆ ಗಿರಾಕಿಗಳ ಮುಖ ಮರೆತರೂ ಸಹಿ ಮರೆಯುವುದಿಲ್ಲ. ನಮ್ಮ ಶಾಖೆಗೆ ಪಿಂಚಣಿಗೆ ಬರುತ್ತಿದ್ದ ಮೇಷ್ಟರೊಬ್ಬರ ಮಾದರಿ ಸಹಿ ಕಾರ್ಡಿನ ಗೆರೆ ದಾಟುವಷ್ಟು ದೊಡ್ಡದು. ಬರಬರುತ್ತಾ ಮೊದಲಕ್ಷರ ಮಾತ್ರ ನೆಟ್ಟಗೆ ನಿಂತು, ಉಳಿದವು ಇರುವೆ ಸಾಲಿನಂತೆ ಕಿರಿದಾಗತೊಡಗಿದವು. ಕೈ ನಡುಗುತ್ತಿರಲಿಲ್ಲ. ಹೊಸ ಕಾರ್ಡಿಗೆ ಸಹಿ ಹಾಕಿಸುವಾಗ ಜೊತೆಗೆ ಬಂದಿದ್ದ ಮಗಳಿಗೆ ಹಳೆಯದನ್ನೂ ತೋರಿಸಿದೆ. ನರತಜ್ಞರು ಪಾರ್ಕಿನ್ಸನ್ ಕಾಯಿಲೆ ಎಂದರು.

ಅಷ್ಟು ಹೊತ್ತಿಗೆ ಮನೆಯಲ್ಲಿ ಅವರಿಗೆ ಸಿಡುಕರೆಂಬ ಬಿರುದು ಸಿಕ್ಕಿಯಾಗಿತ್ತು. ಮುಖದ ಸ್ನಾಯುಗಳು ಬಿಗಿದು ನಗು ಮೂಡದು, ರೆಪ್ಪೆ ಬಡಿಯುವುದೂ ಅಪರೂಪ. ತಾತನಿಗೆ ಕೋಪ ಬಂದಿದೆಯೆಂದು ಮೊಮ್ಮಕ್ಕಳು ಹತ್ತಿರವೇ ಸುಳಿಯುತ್ತಿರಲಿಲ್ಲವಂತೆ. ನನಗೆ ಕಾಯಿಲೆಗಿಂತ ಈ ಮಾತೇ ಹೆಚ್ಚು ಚುಚ್ಚಿತು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದ್ದು ಆರೇ ಮಂದಿಯನ್ನು ನೋಡಿ. ಅವರಲ್ಲಿ ಕೆಲವರನ್ನು ಆತ ಕಂಡದ್ದು ಬೀದಿಯಲ್ಲಿ! ಕಣ್ಣು ತೆರೆದಿದ್ದರೆ ನಮಗೂ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯ ಲಕ್ಷಣ ನಡುಕವಲ್ಲ, ನಿಧಾನ. ಅದರ ಜೊತೆ ನಡುಕವೋ ಬಿಗಿತವೋ ಸೇರುತ್ತದೆ, ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ ಶುರುವಾಗುತ್ತದೆ. ನಡೆಯುವಾಗ ಒಂದು ಕೈ ಬೀಸುವುದಿಲ್ಲ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ. ದನಿ ತಗ್ಗುತ್ತದೆ. ಕೆಲವರಿಗೆ ಇದಕ್ಕೂ ವರ್ಷಗಳ ಮೊದಲೇ ಒಗ್ಗರಣೆಯ ಇಂಗಿನ ವಾಸನೆ ತಿಳಿಯದಾಗಿರುತ್ತದೆ. ಮಲಬದ್ಧತೆಯೂ ಇರಬಹುದು, ಆದರೆ ನಮ್ಮ ವಯಸ್ಸಿನಲ್ಲಿ ಅದು ಯಾರಿಗಿಲ್ಲ ಹೇಳಿ!

ನಡುಕದಲ್ಲೂ ವ್ಯತ್ಯಾಸವಿದೆ. ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ಬೆರಳುಗಳು ಗುಳಿಗೆ ಉರುಳಿಸಿದಂತೆ ಆಡಿ, ಕಾಫಿ ಲೋಟ ಎತ್ತಿದೊಡನೆ ತಗ್ಗಿದರೆ ಪಾರ್ಕಿನ್ಸನ್ ಇರಬಹುದು. ಲೋಟ ಎತ್ತಿದಾಗಲೇ ನಡುಗಿ ಕಾಫಿ ಚೆಲ್ಲಿದರೆ ಅದು ಹೆಚ್ಚಾಗಿ ಬೇರೆ ನಡುಕ.

ಮೆದುಳಿನಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ನಶಿಸುವುದರಿಂದ ಹೀಗಾಗುತ್ತದೆ. ಲೆವೊಡೋಪ ಮಾತ್ರೆ ಕಾಯಿಲೆಯನ್ನು ನಿಲ್ಲಿಸದಿದ್ದರೂ ಕೈಕಾಲಿಗೆ ಚುರುಕು ಕೊಡುತ್ತದೆ. ಮೇಷ್ಟರು ಮತ್ತೆ ತಾವೇ ಗುಂಡಿ ಹಾಕಿಕೊಳ್ಳುವಂತಾದರು.

ಇನ್ನೊಂದು ವಿಷಯ. ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್‌ನಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೂ ಕೆಲವು ವೃದ್ಧರಲ್ಲಿ ಇವೇ ಲಕ್ಷಣಗಳು ಮೂಡುತ್ತವೆ. ವೈದ್ಯರು ಅವನ್ನು ನಿಲ್ಲಿಸಿದರೆ ಬಹಳಷ್ಟು ಮಂದಿ ಸುಧಾರಿಸುತ್ತಾರೆ. ಆದ್ದರಿಂದ ತಪಾಸಣೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಅಂಗಡಿಯಿಂದ ಚೀಟಿಯಿಲ್ಲದೆ ತಂದವನ್ನೂ, ಒಂದು ಚೀಲಕ್ಕೆ ತುಂಬಿ ಒಯ್ಯಿರಿ.